ಹಿಂದೆ ಕುಳಿತವರಿಗೂ ಕಾಣಬೇಕು

ಸಿನಿಮಾದಲ್ಲಿ ಗಂಡ ಸತ್ತ ಸುದ್ದಿ ಕೇಳಿ ಹೆಂಡತಿ ಕೈಯಲ್ಲಿದ್ದ ತಟ್ಟೆ ಬೀಳಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅಂಥ ಸುದ್ದಿ ಬಂದಾಗ ನಾನು ಎಷ್ಟೋ ಮನೆಗಳಲ್ಲಿ ಎದುರಿಗೇ ಇದ್ದೆ. ಯಾರೂ ಏನನ್ನೂ ಬೀಳಿಸಿದ್ದು ಕಾಣೆ. ಕೈಯಲ್ಲಿದ್ದುದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ, ಬೇರೆಯವರು ಬಿಡಿಸಿಕೊಳ್ಳಬೇಕಾಗುತ್ತದೆ. ಇಷ್ಟು ಸಣ್ಣ ಸಂಗತಿ ನೋಡದವರು ಸಿನಿಮಾ ಯಾಕೆ ತೆಗೆಯುತ್ತಾರೋ!

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಲ್ಲೊಂದು ಆಳೆತ್ತರದ ಕನ್ನಡಿ. ಕುಪ್ಪಸ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಹೆಂಗಸು ಬಾಯಲ್ಲಿ "ಚಲೋ ಆಗೇತಿ" ಎಂದರೂ ಮನಸ್ಸಿಗೆ ಬಂದಿಲ್ಲ ಎಂಬುದು ಅವಳ ಹೆಗಲು ನೋಡಿದರೆ ನನಗೆ ಗೊತ್ತಾಗುತ್ತದೆ. ಹೀಗೆ ಮೈ, ಮುಖ ಓದಿಯೇ ಅನ್ನ ತಿಂದವಳಾದ್ದರಿಂದ ನಟನೆಯ ವಿಷಯದಲ್ಲಿ ನನ್ನನ್ನು ಯಾರೂ ಯಾಮಾರಿಸಲಾರರು ಎಂಬ ಜಂಬ ನನಗಿತ್ತು. ಒಂದೇ ದೃಶ್ಯದಲ್ಲಿ ತಾಯಿಯ ಕುಪ್ಪಸದ ತೋಳು ಒಮ್ಮೆ ಮೊಣಕೈವರೆಗೆ, ಒಮ್ಮೆ ಅದಕ್ಕಿಂತ ಮೇಲೆ ಇದ್ದರೆ ನನಗೆ ಮುಂದಿನ ಕಥೆಯೇ ತಲೆಗೆ ಹೋಗುವುದಿಲ್ಲ. ಬೆಂಗಳೂರಿನ ಕಡೆಯ ನಟರು ನಮ್ಮ ಕಡೆಯವರ ಪಾತ್ರ ಮಾಡುವಾಗ ಪ್ರತಿ ಮಾತಿನ ಬಾಲಕ್ಕೂ ಒಂದು "ಐತ್ರಿ" ಕಟ್ಟುತ್ತಾರೆ. ಹಿರಿಯರಿಗೂ ರೀ, ಕೂಸಿಗೂ ರೀ, ಕಟ್ಟಿದ ನಾಯಿಗೂ ರೀ. ಇನ್ನು ಹಿನ್ನೆಲೆಯ ಪಿಟೀಲು. ನಾನು ಅಳಬೇಕೋ ಬೇಡವೋ ಎಂಬುದನ್ನು ಅದು ನನಗಿಂತ ಮೊದಲೇ ತೀರ್ಮಾನಿಸಿಬಿಡುತ್ತದೆ.

ನನ್ನ ಮಟ್ಟಿಗೆ ದೊಡ್ಡ ನಟನೆ ಎಂದರೆ ಒಂದೇ ದೃಶ್ಯ. ಚಿತ್ರ ಓಡಲಿಲ್ಲ, ನೋಡಿದವರೂ ಕಡಿಮೆ. ಹೆಂಗಸೊಬ್ಬಳು ಮೊರದಲ್ಲಿ ಜೋಳದ ಹರಳು ಆರಿಸುತ್ತ ಕೂತಿರುತ್ತಾಳೆ. ಯಾರೋ ಬಂದು ಗಂಡ ಹೋದನೆಂದು ಹೇಳುತ್ತಾರೆ. ಅವಳು ತಲೆ ಎತ್ತುವುದಿಲ್ಲ, ಆರಿಸುತ್ತಲೇ ಇರುತ್ತಾಳೆ. ಆದರೆ ಈಗ ಹರಳು ಮೊರದಲ್ಲೇ ಉಳಿಯುತ್ತದೆ, ಜೋಳ ಎತ್ತಿ ಒಗೆಯುತ್ತಾಳೆ. ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಆಮೇಲೆ ಒಂದು ಹನಿ ಇಳಿಯುತ್ತದೆ, ಅಷ್ಟೇ. ಅದನ್ನು ನೋಡಿದ ಮೇಲೆ ಬೇರೆಯವರ ಗೋಳಾಟವೆಲ್ಲ ನನಗೆ ಸಪ್ಪೆಯಾಯಿತು.

ನಮ್ಮ ಯಜಮಾನರ ಮತ ಇದಕ್ಕೆ ಪೂರ್ತಿ ಉಲ್ಟಾ. ಅವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ನೌಕರಿಯೆಲ್ಲ ಒಂದೇ ರಸ್ತೆಯ ಮೇಲೆ ಕಳೆಯಿತು. ಹುಟ್ಟಿದ್ದು ದೇಗಾಂವದ ಹತ್ತಿರದ ಹಳ್ಳಿ. ಅಲ್ಲಿಯ ನಾಟಕಗಳಲ್ಲಿ ಖಳನಾಯಕನ ಪಾತ್ರ ಯಾವಾಗಲೂ ಇವರಿಗೇ. ಹುಬ್ಬನ್ನು ಹಣೆಯ ಮೇಲಕ್ಕೇರಿಸಿ, ಗಲ್ಲ ಕುಣಿಸಿ ನಕ್ಕರೆ ಮುಂದೆ ಕೂತ ಕೂಸುಗಳು ಚೀರಿ ತಾಯಂದಿರ ಮಡಿಲು ಸೇರುತ್ತಿದ್ದವು. ಬಸ್ಸಿನಲ್ಲೂ ಅಷ್ಟೇ, ಮುದುಕಿಗೊಂದು ಮುಖ, ಪಟೇಲನಿಗೊಂದು ಮುಖ, ಚಿಲ್ಲರೆ ಇಲ್ಲದವನಿಗೆ ಮತ್ತೊಂದು ಮುಖ.

ಮದುವೆಯಾದ ಹೊಸತರಲ್ಲಿ ಕಿತ್ತೂರಿನ ಟಾಕೀಸಿಗೆ ಕರೆದುಕೊಂಡು ಹೋಗಿದ್ದರು. ತೆರೆಯ ಮೇಲೆ ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದಳು, ಪಕ್ಕದಲ್ಲಿ ಇವರೂ ಗಳಗಳನೆ ಅಳುತ್ತಿದ್ದರು. ನಾಚಿಕೆಯಾಗಿ ತೊಡೆ ಚಿವುಟಿದೆ.

"ಮಾರಿ ಸುಮ್ನ ಇಡ್ರಿ, ಮಂದಿ ನೋಡಾಕತ್ತಾರ."

"ನೋಡ್ಲಿ. ಆಕಿ ಅಳೂದು ಹಿಂದ ಕುಂತಾವ್ರಿಗೂ ಕಾಣಬೇಕು. ಅವ್ರೇನ ಪುಕ್ಕಟ ಬಂದಾರೇನು?"

ನಮ್ಮ ಸಂಸಾರದ ಜಗಳವೆಲ್ಲ ಈ ಎರಡು ಮಾತಿನಲ್ಲೇ ಇತ್ತು. ನಾನು "ಕಡಿಮಿ ಮಾಡ್ರಿ" ಎನ್ನುವವಳು, ಅವರು "ಹಿಂದ ಕುಂತಾವ್ರಿಗೆ" ಎನ್ನುವವರು. ಸಿನಿಮಾ ಮುಗಿದ ಮೇಲೆ ಶುರುವಾದ ವಾದ ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ನಡೆಯುತ್ತಿತ್ತು, ಮಗಳು ಹುಟ್ಟಿದ ಮೇಲೆ ಅವಳು ನಡುವೆ ಕೂತು ಕೇಳುತ್ತಿದ್ದಳು.

ಅವರು ನಿವೃತ್ತರಾದ ಮೇಲೆ ಮನೆಯಲ್ಲಿ ಟಿವಿಯ ಮುಂದೆ ಒಂದು ಹಾಸ್ಯದ ಚಿತ್ರ ನೋಡುತ್ತಿದ್ದೆವು. ಮಗಳು ಬಿದ್ದು ಬಿದ್ದು ನಗುತ್ತಿದ್ದಳು, ಇವರು ಗಂಭೀರವಾಗಿ ಕೂತಿದ್ದರು. ಅಂತೂ ನನ್ನ ಸಹವಾಸದಿಂದ ಇವರ ಅಭಿರುಚಿ ಸುಧಾರಿಸಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆಮೇಲೆ ಉಣ್ಣುವಾಗಲೂ ಅದೇ ಮುಖ, ನೆಂಟರು ಬಂದಾಗಲೂ ಅದೇ ಮುಖ. ಯಾವುದಕ್ಕೋ ಸಿಟ್ಟಾಗಿದ್ದಾರೆಂದು ತಿಳಿದು ನಾನೂ ಸಿಟ್ಟಾದೆ. ಪುಂಡಿ ಪಲ್ಯ ಮುಂದಿಟ್ಟು, "ಸೇರದಿದ್ರ ಹೇಳ್ರಿ, ಹಿಂಗ ಮಾರಿ ಗಂಟ ಹಾಕ್ಕೊಂಡ ಉಣ್ಣಬ್ಯಾಡ್ರಿ" ಎಂದು ರೇಗಿದೆ. "ಭಾಳ ಚಲೋ ಆಗೇತಲ್ಲ" ಎಂದು ಅವರು ಸಣ್ಣ ದನಿಯಲ್ಲಿ ಅಂದರು. ಬಲಗೈ ನಡುಗಲು ಶುರುವಾದ ಮೇಲೆಯೇ ಬೆಳಗಾವಿಯ ಡಾಕ್ಟರರ ಹತ್ತಿರ ಹೋಗಿದ್ದು.

ಪಾರ್ಕಿನ್ಸನ್ ಕಾಯಿಲೆ ಎಂದರು. ಮುಖದ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ, ಒಳಗಿನ ಭಾವನೆ ಇದ್ದಂತೆಯೇ ಇರುತ್ತದೆ, ಆದರೆ ಹೊರಗೆ ಕಾಣುವುದಿಲ್ಲ ಎಂದರು. ಕಣ್ಣು ಮಿಟುಕಿಸುವುದು ಕಡಿಮೆಯಾಗುವುದರಿಂದ ಸುಮ್ಮಸುಮ್ಮನೆ ನೀರು ಸುರಿಯಬಹುದು, ಗಾಬರಿಯಾಗಬೇಡಿ ಎಂದೂ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿ, "ಮನಸ್ಸು ಏನಾದರೂ ಕುಗ್ಗಿದೆಯಾ? ದಿನಾ ನೋಡುವವರು ನೀವು, ನಿಮಗೆ ಗೊತ್ತಿರುತ್ತದೆ" ಎಂದರು. ನಾನು ಇವರ ಮುಖ ನೋಡಿದೆ. ನನಗೆ ಏನೂ ಗೊತ್ತಾಗಲಿಲ್ಲ. ಪರದೆಯ ಮೇಲಿನ ಮಂದಿಯ ಮುಖದ ಗೆರೆ ಎಣಿಸಿದವಳಿಗೆ ಗಂಡ ಖುಷಿಯಾಗಿದ್ದಾನೋ ಇಲ್ಲವೋ ಹೇಳಲು ಬರಲಿಲ್ಲ.

ಅಂದಿನಿಂದ ಮನೆಯಲ್ಲಿ ಒಂದು ಹೊಸ ಪದ್ಧತಿ ಬಂತು. ಅವರಿಗೆ ಏನನ್ನಿಸುತ್ತದೋ ಅದನ್ನು ಬಾಯಿಬಿಟ್ಟು ಹೇಳಬೇಕು. ಹಾಸ್ಯದ ದೃಶ್ಯ ಬಂದಾಗ, "ಈಗ ನಗಾಕತ್ತೇನಿ" ಎನ್ನುತ್ತಿದ್ದರು. ನಾನು ತಿರುಗಿ ನೋಡಿದರೆ ಅದೇ ಕಲ್ಲಿನಂಥ ಮುಖ. "ನನಗೆ ತುಂಬಾ ದುಃಖವಾಗಿದೆ" ಎಂದು ಪಾತ್ರದ ಬಾಯಲ್ಲೇ ಹೇಳಿಸುವ ಸಂಭಾಷಣೆಕಾರರನ್ನು ಜೀವಮಾನವಿಡೀ ಬೈದವಳು ನಾನು. ಈಗ ಆ ಒಂದು ಮಾತಿಗಾಗಿ ಕಾಯತೊಡಗಿದೆ.

ಮಗಳು ರಾಮದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅದೇ ಊರಿನ ಮಗ್ಗದ ಮನೆಯ ಹುಡುಗನನ್ನು ಅವಳು ಮೆಚ್ಚಿದಳು, ಅವನೂ ಮೆಚ್ಚಿದ. ಜಾತಿ, ಜಾತಕ ಯಾವುದೂ ಅಡ್ಡ ಬರಲಿಲ್ಲ. ಹಿರಿಯರು ಕೂತು ಮಾತಾಡುವುದೊಂದೇ ಬಾಕಿ ಇತ್ತು. "ಅಪ್ಪನ ಜಡ್ಡಿನ ಸುದ್ದಿ ಮೊದಲ ಹೇಳಿಬಿಡೂಣವ್ವ" ಎಂದಳು ಮಗಳು. ನಾನು ಬೇಡವೆಂದೆ. ಮದುವೆಯ ಮಾತಿನಲ್ಲಿ ಜಡ್ಡಿನ ಹೆಸರು ಬಂದರೆ ಹುಡುಗಿಗೂ ಬರುತ್ತದೇನು ಎಂಬುದೇ ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಹಾಗೇನಿಲ್ಲ ಎಂದು ಡಾಕ್ಟರು ಹೇಳಿದ್ದರು, ಆದರೆ ಬೀಗರು ಡಾಕ್ಟರರನ್ನು ಕೇಳಿ ಬರುವುದಿಲ್ಲ. ನಿಶ್ಚಯವಾಗಲಿ, ಆಮೇಲೆ ಹೇಳಿದರಾಯಿತು ಎಂದು ಅವಳ ಬಾಯಿ ಮುಚ್ಚಿಸಿದೆ.

ಹುಡುಗನ ಮನೆಯವರು ಬಂದ ದಿನ ಇವರ ಬಲಗೈ ಶಾಲಿನ ಕೆಳಗೆ ಅಡಗಿತ್ತು. ಹುಡುಗನ ತಾಯಿಯ ತವರು ಸವದತ್ತಿ. ಆಕೆ ಎಷ್ಟೋ ಸಲ ಇವರದೇ ಬಸ್ಸಿನಲ್ಲಿ ಓಡಾಡಿದವಳು. ಒಳಗೆ ಬರುತ್ತಲೇ, "ಅಯ್ಯ, ನಮ್ಮ ನಗಸೂ ಕಂಡಕ್ಟರ್ ಇವ್ರ ಅಲ್ಲೇನ್ರಿ!" ಎಂದು ಬಾಯಿ ತುಂಬಾ ನಕ್ಕಳು. "ನನ್ನ ಬುಟ್ಟಿಯೊಳಗಿನ ಕೋಳಿಗೆ ಕಿಡಕಿ ಸೀಟ ಬೇಕೇನ ಅಂತ ಕೇಳಿದ್ರಿ, ನೆನಪೈತೇನ್ರಿ?" ಕೋಣೆಯಲ್ಲಿದ್ದವರೆಲ್ಲ ನಕ್ಕರು. ಇವರು ಒಬ್ಬರೇ ನಗಲಿಲ್ಲ. "ನೆನಪೈತ್ರಿ" ಎಂದರು, ಏರಿಳಿತವಿಲ್ಲದ ದನಿಯಲ್ಲಿ. ಆಕೆಯ ನಗು ಅರ್ಧಕ್ಕೇ ನಿಂತಿತು. ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು.

ಎರಡು ದಿನದಲ್ಲಿ ಮಗಳ ಫೋನು ಬಂತು. "ಬಸ್ಸಿನ್ಯಾಗ ಕಂಡ ಕಂಡಾವ್ರ ಜೋಡಿ ನಕ್ಕಾಂವ ನಮ್ಮ ಮುಂದ ಮಾರಿ ಬಿಗದ ಕುಂತಾನಂದ್ರ, ನಾವು ಅವ್ರ ಮನಸಿಗಿ ಬಂದಿಲ್ಲ" ಎಂದು ಹುಡುಗನ ತಾಯಿ ಮನೆಯಲ್ಲಿ ಹೇಳಿದ್ದಳಂತೆ. ಆಕೆಯದೂ ತಪ್ಪಲ್ಲ. ನಾನೂ ಪುಂಡಿ ಪಲ್ಯ ಮುಂದಿಟ್ಟುಕೊಂಡು ಅದನ್ನೇ ಅಂದುಕೊಂಡಿದ್ದೆನಲ್ಲ. "ಈಗರೆ ಹೇಳೂಣವ್ವ" ಎಂದು ಮಗಳು ಅತ್ತಳು. ನಾನು ಹಟ ಬಿಡಲಿಲ್ಲ. ನಾವೇ ರಾಮದುರ್ಗಕ್ಕೆ ಹೋಗೋಣ, ಅಪ್ಪ ಒಂದು ಸಲ ಬಾಯಿ ತುಂಬಾ ನಕ್ಕರೆ ಎಲ್ಲ ಸರಿಹೋಗುತ್ತದೆ ಎಂದೆ.

ಹಾಗೆ ನಾನು ನಿರ್ದೇಶಕಿಯಾದೆ. ಅವರನ್ನು ಅಂಗಡಿಯ ಕನ್ನಡಿಯ ಮುಂದೆ ನಿಲ್ಲಿಸಿದೆ.

"ಯಾವ ಸೀನು?" ಎಂದರು.

"ಬೀಗರ ಮನಿ ಸೀನು. ನಗಬೇಕು."

ತುಟಿ ಒಂದು ಕಡೆ ಎಳೆದುಕೊಂಡಿತು. ಗಲ್ಲ ಏಳಲಿಲ್ಲ. ಕಣ್ಣು ಹಾಗೇ ಇದ್ದವು. "ಇನ್ನೂ ಸ್ವಲ್ಪ ಹೆಚ್ಚು ಮಾಡ್ರಿ" ಎಂದೆ.

ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು. "ಹೆಚ್ಚು ಮಾಡಂತ ನೀ ನನಗ ಹೇಳಾಕತ್ತಿದ್ದು ಇದ ಮೊದಲ ನೋಡು. ನಗಾಕತ್ತೇನಿ, ಗೊತ್ತಾತೇನು?"

ನಾನು ನಗಲಿಲ್ಲ. ಮತ್ತೆ ಮಾಡಿರಿ ಎಂದೆ. ಮತ್ತೆ, ಮತ್ತೆ. ಕೆಟ್ಟ ನಿರ್ದೇಶಕರು ಹೊಸಬರನ್ನು ಹೇಗೆ ಹಿಂಡುತ್ತಾರೆಂದು ಓದಿದ್ದೆ, ಹಾಗೇ ಹಿಂಡಿದೆ. ಅವರು ಒಂದು ಸಲವೂ ಸಾಕು ಎನ್ನಲಿಲ್ಲ. ಬೇಸರ ಮಾಡಿಕೊಂಡರೋ ಇಲ್ಲವೋ, ಮುಖ ನೋಡಿ ತಿಳಿಯುವಂತಿರಲಿಲ್ಲ.

ರಾಮದುರ್ಗದ ಬಸ್ಸಿನಲ್ಲಿ ಇವರನ್ನು ಕಿಟಕಿಯ ಪಕ್ಕ ಕೂರಿಸಿದೆ. ನವಿಲುತೀರ್ಥದ ಹಿನ್ನೀರು ಕಂಡು ಹಿಂದೆ ಸರಿಯುವವರೆಗೂ ಇವರು ತುಟಿ ಎಳೆಯುತ್ತ, ಬಿಡುತ್ತ ತಾಲೀಮು ಮಾಡುತ್ತಲೇ ಇದ್ದರು. ಎದುರಿನ ಸೀಟಿನ ಕೂಸು ಬೆರಗಾಗಿ ನೋಡುತ್ತಿತ್ತು.

ಮಗಳು ಬಸ್ ನಿಲ್ದಾಣಕ್ಕೇ ಬಂದು ನಮ್ಮ ಜೊತೆಗೂಡಿದಳು. ಬೀಗರ ಮನೆಯಲ್ಲಿ ಚಹಾ ಬಂತು. ನಾನು ಇಬ್ಬರ ಪಾಲಿನ ಮಾತನ್ನೂ ಆಡಿದೆ, ಇಬ್ಬರ ಪಾಲಿನ ನಗುವನ್ನೂ ನಕ್ಕೆ. ಅಷ್ಟು ಕೆಟ್ಟ ನಟನೆಯನ್ನು ನಾನು ಯಾವ ಚಿತ್ರದಲ್ಲೂ ಕಂಡಿಲ್ಲ. ಹುಡುಗನ ತಾಯಿ ನನ್ನನ್ನು ನೋಡುತ್ತಿರಲಿಲ್ಲ, ಇವರ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಇವರು ನಕ್ಕರು. ಕಲಿಸಿದಂತೆಯೇ ನಕ್ಕರು. ತುಟಿ ಒಂದು ಕಡೆ ಸೊಟ್ಟಗಾಯಿತು, ಕಣ್ಣು ನೆಟ್ಟಗೇ ಉಳಿದವು. ಅದು ನೋಡುವವರಿಗೆ ಅಣಕಿಸಿದಂತೆ ಕಂಡಿತು. ಆಕೆ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದಳು.

ಇವರು ಕಪ್ಪು ಕೆಳಗಿಟ್ಟರು. ಶಾಲಿನೊಳಗಿಂದ ಬಲಗೈ ತೆಗೆದು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಇಟ್ಟರು. ಅದು ನಡುಗಲು ಬಿಟ್ಟರು.

"ತಂಗೀ, ಇದು ಸೊಕ್ಕಲ್ಲ, ಜಡ್ಡು. ನನ್ನ ಮಾರಿ ನಗೂದಿಲ್ಲ. ಆವತ್ತ ನೀವು ಕೋಳಿ ಮಾತ ತಗದಾಗ ನಾ ಭಾಳ ನಕ್ಕೇನಿ, ಒಳಗ. ನಿಮ್ಮ ಮಗ ನನ್ನ ಮನಸಿಗಿ ಬಂದಾನ. ಬಾಯಿಲೆ ಹೇಳಿದ್ದನ್ನ ನಂಬ್ರಿ."

ಆಕೆಯ ಕಣ್ಣು ತುಂಬಿದವು. ಹುಡುಗನ ತಂದೆಯ ಕಣ್ಣು ಮಾತ್ರ ಆ ಕೈಯನ್ನು ಬಿಟ್ಟು ಕದಲಲಿಲ್ಲ. ಆಮೇಲೆ ನಿಧಾನವಾಗಿ ನನ್ನ ಮಗಳ ಕೈಯತ್ತ ಹೊರಳಿದವು. "ವಿಚಾರ ಮಾಡಿ ಹೇಳ್ತೇವ್ರಿ" ಎಂದರು. ಆ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು.

ಮುಂದಿನ ಭಾನುವಾರ ಮಗಳೇ ಬಂದಳು. ಚೀಲ ಇಟ್ಟು, "ಬ್ಯಾಡಂದ್ರು" ಎಂದಳು. ಹುಡುಗ ಏನಂದ ಎಂದು ಕೇಳಿದೆ. "ಸ್ವಲ್ಪ ದಿನ ತಡಿ ಅಂದ. ನಾ ತಡ್ಯೂದಿಲ್ಲಂದೆ." ಮುಖ ತೊಳೆದುಕೊಂಡು ಬಂದು ಚಿಕ್ಕಂದಿನಂತೆ ನಮ್ಮಿಬ್ಬರ ನಡುವೆ ಕೂತಳು. ಟಿವಿಯಲ್ಲಿ ಯಾವುದೋ ಹಳೆಯ ಚಿತ್ರ ನಡೆದಿತ್ತು. ಯಾರೂ ನೋಡುತ್ತಿರಲಿಲ್ಲ, ಯಾರೂ ಆರಿಸಲೂ ಇಲ್ಲ.

ನಾನು ಇವರ ಕಡೆ ನೋಡಿದೆ. ಮುಖದ ಒಂದು ಗೆರೆಯೂ ಅಲುಗಿರಲಿಲ್ಲ. ಎಡಗಣ್ಣಿನಿಂದ ಒಂದು ಹನಿ ಹೊರಟು ಗಲ್ಲದ ಮೇಲೆ ಇಳಿಯುತ್ತಿತ್ತು. ಇಷ್ಟು ವರ್ಷ ಟಾಕೀಸಿನಿಂದ ಟಾಕೀಸಿಗೆ ನಾನು ಹುಡುಕಿಕೊಂಡು ಅಲೆದದ್ದು ಇದನ್ನೇ. ನೋಡಲಾಗಲಿಲ್ಲ. ಡಾಕ್ಟರು ಹೇಳಿದ ಬರೀ ನೀರೇ ಇರಲಿ ಎಂದು ದೇವರನ್ನು ಬೇಡಿಕೊಂಡೆ.

"ಸುಮ್ನ ನೀರು ಬರಾಕತ್ತೇತೇನ್ರಿ?" ಎಂದೆ.

"ಇಲ್ಲ," ಎಂದರು. "ಅಳಾಕತ್ತೇನಿ."

ಆಗ ನನ್ನೊಳಗಿನಿಂದ ಬಂದ ದನಿ ನನ್ನದೇ ಎಂದು ನನಗೂ ತಿಳಿಯಲಿಲ್ಲ. ಎದೆ ಬಡಿದುಕೊಂಡೆ, ಮಗಳನ್ನು ಬಾಚಿ ತಬ್ಬಿಕೊಂಡೆ, ಬಾಯಿ ಸೊಟ್ಟ ಮಾಡಿ ಅತ್ತೆ. ಕಿತ್ತೂರಿನ ಟಾಕೀಸಿನಲ್ಲಿ ಯಾವ ತಾಯಿಯನ್ನು ನೋಡಿ ನಾಚಿದ್ದೆನೋ ಅವಳ ಹಾಗೆಯೇ ಅತ್ತೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ನಿಲ್ಲಿಸಲಿಲ್ಲ.

ಇವರು ನಡುಗುವ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟರು.

"ಹಿಂದ ಕುಂತಾವ್ರಿಗೂ ಕಾಣ್ತು ನೋಡು," ಎಂದರು ಸಣ್ಣ ದನಿಯಲ್ಲಿ. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಿಲ್ಲ, ನಾನೂ ಕೇಳಲಿಲ್ಲ.