ಹತ್ತನೆಯ ಸಲದ ನೀರು

ಬೀಗರೇ, ನಿಮ್ಮ ತಮ್ಮ ನಂಜಪ್ಪನನ್ನು ಕೊಂದದ್ದು ನಿಮ್ಮ ಬೆರಳಲ್ಲ, ನನ್ನ ಕೈಯ ಅರ. ಎಂಟು ವರ್ಷ ಇದನ್ನು ನುಂಗಿಕೊಂಡೇ ಉಂಡೆ. ನಿಮ್ಮ ಮಗನಿಗೆ ಹೆಣ್ಣು ಕೊಡುವಾಗಲೂ ಬಾಯಿ ಬಿಡಲಿಲ್ಲ.

ನಿನ್ನೆ ನಮ್ಮಿಬ್ಬರಿಗೂ ಮೊಮ್ಮಗಳು ಹುಟ್ಟಿದಳು. ಎಂಥ ಕೂಸು! ಆಸ್ಪತ್ರೆಯಲ್ಲಿ ಕಂಡಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದೆ, ಗುರುತಿಲ್ಲದವರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಅವಳು ನಿಮ್ಮ ಬಲಗೈಯ ಮೊಂಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು. ನೀವು ಕೈ ಕಿತ್ತುಕೊಂಡಿರಿ.

"ಈ ಕೈ ವೇಣಾ ಕಣ್ಣು, ಬ್ಯಾಡ, ಇದು ತಮ್ಮನ್ನ ತಿಂದ ಕೈ."

ನನ್ನ ಬಾಯಲ್ಲಿದ್ದ ಸಕ್ಕರೆ— ಇಲ್ಲ, ಇನ್ನು ಮುಚ್ಚಿಡಲಾಗದು.

ನೆನಪಿದೆಯೇ, ಹಂದಿಗಳ ಕಾಟಕ್ಕೆಂದು ಇಟ್ಟಿದ್ದ ರೈಫಲ್ಲನ್ನು ನನ್ನ ಲೇತ್ ವರ್ಕ್‌ಷಾಪಿಗೆ ತಂದಿರಿ. "ಬಾವಾ, ಈ ಟ್ರಿಗರು ನಿಮ್ ತಂಗಿ ಮಾದ್ರಿ. ಒಂದಿನ ಮುಟ್ಟಿದ್ರೆ ಸಿಡೀತದೆ, ಒಂದಿನ ಜಗ್ಗಿದ್ರೂ ಅಲ್ಲಾಡಲ್ಲ." ನನ್ನ ತಂಗಿಯೇ ನಿಮ್ಮ ಹೆಂಡತಿ; ಇಬ್ಬರೂ ನಕ್ಕೆವು.

ಟ್ರಿಗರನ್ನು ಹಿಡಿಯುವ ಕೊಕ್ಕೆಗೆ ಅರ ಹಾಕಿ ಉಜ್ಜಿ ಸವೆಸಿದೆ. ಎಷ್ಟು ಭಾರಕ್ಕೆ ಟ್ರಿಗರು ಬೀಳುತ್ತದೆಂದು ಅಳೆಯಲು ಗುಂಡಿಲ್ಲದ ರೈಫಲ್ಲನ್ನು ನಿಲ್ಲಿಸಿ, ಟ್ರಿಗರಿಗೆ ತಂತಿಯಿಂದ ಗಾಜಿನ ಸೀಸೆ ಕಟ್ಟಿ, ಸಣ್ಣಗೆ ನೀರು ಹೊಯ್ದೆ. 'ಟಕ್' ಎಂದಾಗ ನೀರು ನಿಂತಲ್ಲಿಗೆ ನಿಮ್ಮ ಎಲೆಡಬ್ಬಿಯ ಸುಣ್ಣದಿಂದ ಗೆರೆ ಎಳೆದೆ. ಹತ್ತು ಸಲವೂ ನೀರು ಅದೇ ಗೆರೆಗೆ ಬರಬೇಕು, ನನ್ನ ಗುರು ಕಲಿಸಿದ್ದು ಅದು. ಒಂಬತ್ತು ಸಲ ಬಂತು. ನೀವು ಎಲೆಯಡಿಕೆ ಉಗಿಯಲು ಹೊರಗೆ ಹೋದಿರಿ. ಹತ್ತನೆಯ ಸಲ— ನೀರು ಗೆರೆಯ ಅರ್ಧಕ್ಕೂ ಬಂದಿರಲಿಲ್ಲ, ಟಕ್. ಅರ ಒಂದೆಳೆ ಹೆಚ್ಚು ಓಡಿತ್ತು. ಬಿಚ್ಚಿ ಮತ್ತೆ ಮಾಡಬೇಕಿತ್ತು. ಕೈಕೆಲಸದ ಜಂಬ ಬಿಡಲಿಲ್ಲ. ನೀರು ಚೆಲ್ಲಿಬಿಟ್ಟೆ. ನೀವು ಒಳಗೆ ಬಂದೊಡನೆ ಕೂಗಿದೆ:

"ಹತ್ತು ಸಲಾನೂ ಒಂದೇ ಗೆರೆ, ರಂಗಸಾಮಿ!"

ಮೂರನೆಯ ದಿನ ಬೆಳಿಗ್ಗೆ, ಆನೈಮಲೈಯ ನಿಮ್ಮ ತೋಪಿನಲ್ಲಿ, ನಳಿಗೆ ಮುಂದಾಗಿ ರೈಫಲ್ ಹೆಗಲಿಗೇರಿಸಿ ನೀವು ಕಾಲುವೆ ಹಾರಿದಿರಿ. ಮುಂದೆ ನಂಜಪ್ಪ. ನಿಮ್ಮ ಕಾಲು ನೆಲಕ್ಕೆ ಬಿದ್ದ ಏಟಿಗೇ ಗುಂಡು ಸಿಡಿಯಿತು. ಅವನ ಅರ್ಧ ಕುತ್ತಿಗೆಯೇ ಇರಲಿಲ್ಲ. ನೀರಿನ ಜೊತೆ ರಕ್ತವೂ ಹರಿದು ತೆಂಗಿನ ಪಾತಿಗಳಿಗೆ ಇಳಿಯಿತು. ನಾನು ಓಡಿ ಬಂದಾಗ ಉಟ್ಟ ವೇಷ್ಟಿಯನ್ನು ಬಿಚ್ಚಿ ಆ ಗಾಯಕ್ಕೆ ತುರುಕುತ್ತಲೇ ಇದ್ದಿರಿ, ಅವನು ಹೋಗಿ ಎಷ್ಟೋ ಹೊತ್ತಾಗಿತ್ತು.

"ಬಾವಾ, ನಾ ಬೆರಳೇ ಇಕ್ಕಿಲ್ಲ. ನೀ ಹೇಳು, ತುಪಾಕಿ ತಾನಾಗೇ ಸಿಡೀತದಾ?"

ಊರೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು.

"ಸಿಡಿಯಲ್ಲ. ಬೆರಳು ಬಿದ್ದಿರ್ಬೇಕು."

ನೀವು ಎದ್ದು ಹೋದಿರಿ. ಕಡಿದ ತೆಂಗಿನ ಬೊಡ್ಡೆಯ ಮೇಲೆ ತೋರುಬೆರಳಿಟ್ಟು ಎಡಗೈಯಿಂದ ಮಚ್ಚು ಬೀಸಿದಿರಿ. ಒಂದೇ ಏಟಿಗೆ ತುಂಡಾಗಲಿಲ್ಲ. ಎರಡನೆಯ ಏಟಿಗೆ ಮುಂಚೆ ನಾನು ಕೈ ಹಿಡಿಯಬಹುದಿತ್ತು, ನಿಜ ಹೇಳಬಹುದಿತ್ತು— ನಿಂತೇ ಇದ್ದೆ. ಆಮೇಲೆ ನನ್ನ ಟವಲು ಸುತ್ತಿದೆ. ಎಂಥ ನೆಂಟ ಎಂದರು ಜನ.

ನಿಮಗೆ ಕನ್ನಡ ಓದಲು ಬಾರದು. ನನಗೆ ತಾಳವಾಡಿಯ ಶಾಲೆಯ ಮೂರು ಕ್ಲಾಸಿನ ಅಕ್ಷರವಿದೆ. ನಾಳೆ ಬೆಳಿಗ್ಗೆ ನಿಮ್ಮ ಜಗಲಿಯಲ್ಲಿ, ನಂಜಪ್ಪನ ಹೆಂಡತಿಯನ್ನೂ ಕೂರಿಸಿಕೊಂಡು, ನಾನೇ ಈ ಕಾಗದ ಓದುತ್ತೇನೆ. ಆಮೇಲೆ ಕೂಸಿನ ಮುಖ ನನಗೆ ತೋರಿಸದಿದ್ದರೂ ಸರಿ. ನೀವು ಮಾತ್ರ ಆಸ್ಪತ್ರೆಗೆ ಹೋಗಿ, ಆ ಬಲಗೈಯಲ್ಲೇ ಅವಳನ್ನು ಎತ್ತಿಕೊಳ್ಳಿ.