ಉಪವಾಸದ ಬಾಟಲಿ

ನನ್ನ ಪಿಎಚ್‌ಡಿ ಎರಡು ವರ್ಷ ತಡವಾಯಿತು. ಯಾರಿಂದ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಹೆಸರು: ರತ್ನಪ್ರಭಾ ಆಂಟಿ. ಮೊದಲು ಹಲ್ಲು ಕಡಿದು ಹೇಳುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ದಕ್ಷಿಣ ದೆಹಲಿಯ ನಮ್ಮ ಸಂಸ್ಥೆಯಲ್ಲಿ ಅವರು ಪ್ರಯೋಗಾಲಯ ಸಹಾಯಕಿ. ಅವರ ಅಪ್ಪ ಕೇಶವಮೂರ್ತಿ ಹಾಸನದಿಂದ ಬಂದ ಕೇಂದ್ರ ಸರ್ಕಾರದ ಗುಮಾಸ್ತರು. ಆಂಟಿ ಹುಟ್ಟಿ ಬೆಳೆದದ್ದು ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸಿನಲ್ಲಿ. ಅದನ್ನು ಕೆಡವಿ ಟವರ್ ಎಬ್ಬಿಸಿದ ಮೇಲೆ ಅವರ ಹೆಸರಿಗೂ ಅಲ್ಲೇ ಏಳನೇ ಮಹಡಿಯಲ್ಲಿ ಮನೆ ಸಿಕ್ಕಿತು. ಅಪ್ಪ ಈಗಿಲ್ಲ, ಅಮ್ಮ ಶಾರದಮ್ಮನವರ ಜೊತೆ ಇರುತ್ತಾರೆ. ಮದುವೆ ಯಾಕಾಗಲಿಲ್ಲ ಎಂದರೆ "ಪುರುಸೊತ್ತೇ ಆಗ್ಲಿಲ್ಲ ಕಣೆ" ಎಂದು ನಗುತ್ತಾರೆ. ಇಪ್ಪತ್ತೊಂಬತ್ತು ವರ್ಷ ಸಮುದ್ರವನ್ನೇ ಅಳೆದ ಈ ಹೆಂಗಸು ಆ ಹೊತ್ತಿಗೆ ಸಮುದ್ರ ನೋಡಿದ್ದು ಒಂದೇ ಸಲ. ಕಾಲೇಜು ಟೂರಿನಲ್ಲಿ, ಮುಂಬೈಯಲ್ಲಿ, ಅದೂ ಬಸ್ಸಿನ ಕಿಟಕಿಯಿಂದ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ಸಾರಜನಕ. ಆದರೆ ಅದನ್ನು ಹಾಗೇ ತಿನ್ನುವುದು ಬಹುಪಾಲು ಜೀವಿಗಳಿಗೆ ಬರುವುದಿಲ್ಲ. ಉಷ್ಣವಲಯದ ಸಮುದ್ರದ ಮೇಲ್ನೀರಿನಲ್ಲಿ ತಿನ್ನುವಂಥ ಸಾರಜನಕಕ್ಕೆ ಬರಗಾಲ. ಅಂಥಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಗಾಳಿಯ ಸಾರಜನಕವನ್ನೇ ಒಡೆದು ಆಹಾರ ಮಾಡಿಕೊಳ್ಳುತ್ತವೆ. ಅವು ಬಿಟ್ಟದ್ದನ್ನು ತಿಂದು ಸುತ್ತಲಿನವು ಬದುಕುತ್ತವೆ. ಬೇಸಿಗೆಯ ಮೊದಲಲ್ಲಿ ಅರಬ್ಬೀ ಸಮುದ್ರ ಶಾಂತವಾದಾಗ ಅವು ಮರದ ಹೊಟ್ಟು ಚೆಲ್ಲಿದ ಹಾಗೆ ಮೈಲಿಗಟ್ಟಲೆ ತೇಲುತ್ತವೆ. ದಿನಕ್ಕೆ ಎಷ್ಟು ಸಾರಜನಕ ಹಿಡಿಯುತ್ತವೆ ಎಂದು ಲೆಕ್ಕ ಹಾಕುವುದೇ ನನ್ನ ಪ್ರಬಂಧ.

ಹಡಗಿನಲ್ಲಿ ಬಾಟಲಿಗೆ ಸಮುದ್ರದ ನೀರು ತುಂಬಿ, ಮಾಮೂಲಿಗಿಂತ ತುಸು ಭಾರದ ಸಾರಜನಕದ ಅನಿಲವನ್ನು ಒಳಗೆ ಬಿಟ್ಟು, ಒಂದು ದಿನ ಬಿಸಿಲಲ್ಲಿಟ್ಟು ಸೋಸುತ್ತೇವೆ. ಸೋಸಿದ ಫಿಲ್ಟರ್ ದೆಹಲಿಗೆ ಬರುತ್ತದೆ. ಆಂಟಿ ಅದನ್ನು ಬೇಳೆಕಾಳಿನಷ್ಟು ಚಿಕ್ಕ ತವರದ ಡಬ್ಬಿಗೆ ತುಂಬಿ, ಕಡುಬಿನ ಅಂಚು ಮಡಿಸುವ ಹಾಗೆ ಮಡಿಸಿ, ಯಂತ್ರಕ್ಕೆ ಹಾಕುತ್ತಾರೆ. ಜೀವಿಗಳ ಮೈಗೆ ಆ ಭಾರದ ಸಾರಜನಕ ಎಷ್ಟು ಸೇರಿದೆ ಎಂದು ಯಂತ್ರ ಹೇಳುತ್ತದೆ.

ಆಂಟಿಯದು ಒಂದು ಕಟ್ಟುನಿಟ್ಟು ಇತ್ತು. ಹಡಗಿನಲ್ಲಿ ಬಾಟಲಿ ತುಂಬುವ ಪ್ರತಿ ಸಲವೂ ಒಂದು ಬಾಟಲಿಯಲ್ಲಿ ಸಮುದ್ರದ ನೀರಿನ ಬದಲು, ಅನಿಲ ತಿನ್ನಲು ಬಾರದ ಬೇರೆ ಪಾಚಿ ಇರಬೇಕು. ಅದಕ್ಕೂ ಅದೇ ಸಿಲಿಂಡರಿನ ಅನಿಲ, ಅದೇ ಬಿಸಿಲು. ಸುತ್ತ ಸಾರಜನಕ ತುಂಬಿದ್ದರೂ ಅದಕ್ಕೆ ದಕ್ಕುವುದಿಲ್ಲ, ಆದ್ದರಿಂದ ಅದರ ಲೆಕ್ಕ ಸೊನ್ನೆ ಬರಬೇಕು. ಬೇರೆ ಕಡೆ ಇದನ್ನು ಕಂಟ್ರೋಲ್ ಎನ್ನುತ್ತಾರೆ. ಅಮ್ಮನ ಏಕಾದಶಿ ನೋಡಿ ಬೆಳೆದ ಆಂಟಿ ಇಟ್ಟ ಹೆಸರು ಉಪವಾಸದ ಬಾಟಲಿ.

ಎರಡು ಸಲ ಹಡಗಿನಲ್ಲಿ ಹೋಗಿಬಂದಿದ್ದೆ. ಅಂಕಿಗಳು ಎಷ್ಟು ದೊಡ್ಡವಿದ್ದವೆಂದರೆ ನಮ್ಮ ಗೈಡ್ ಏಕನಾಥ ಸರ್ ಕಾರಿಡಾರಿನಲ್ಲೇ ಬೆನ್ನು ತಟ್ಟಿದ್ದರು. ಅವಧಿ ಮುಗಿಯಲು ಹನ್ನೊಂದು ತಿಂಗಳಿತ್ತು. ನಮ್ಮಲ್ಲಿ ಯಂತ್ರ ನಡೆಸಿದವರ ಸಹಿ ಇಲ್ಲದೆ ಯಾವ ಫಲಿತಾಂಶದ ಹಾಳೆಯೂ ಪ್ರಬಂಧಕ್ಕೆ ಸೇರುವುದಿಲ್ಲ. ನಾನು ಎರಡೂ ಸಲದ ಲೆಕ್ಕ ಸೇರಿಸಿ ಬರೆದ ಹಾಳೆ ತಂದು ಆಂಟಿಯ ಮುಂದಿಟ್ಟೆ. ಉಪವಾಸದ ಬಾಟಲಿಗಳ ಸಾಲುಗಳಲ್ಲಿ ಮಾತ್ರ "ಯಂತ್ರದ ತಪ್ಪು" ಎಂದು ಬರೆದು ಗೆರೆ ಎಳೆದಿದ್ದೆ.

ಅವರು ಕನ್ನಡಕ ಏರಿಸಿದರು. "ಹಂಸಿನಿ, ಉಪವಾಸದವಳು ಊಟ ಮಾಡಿದ್ದಾಳಲ್ಲೇ."

"ಮಷೀನ್ ಎರರ್ ಆಂಟಿ. ಆಗ್ತಿರುತ್ತೆ."

"ಏಳು ಬಾಟಲೀಲೂ? ಎರಡೂ ಟ್ರಿಪ್ಪಲ್ಲೂ? ಗ್ಯಾಸ್ ತಿನ್ನೋಕೆ ಬರದೇ ಇರೋದು ತಿಂದಿದ್ದೇನು ಹಾಗಾದ್ರೆ? ಯಾರೋ ರೆಡಿ ಅಡುಗೆ ಬಡಿಸಿದ್ದಾರೆ ಕಣೆ. ನನಗೆ ಆ ಸಿಲಿಂಡರ್ ಮೇಲೇ ಅನುಮಾನ. ಅದರಲ್ಲಿ ಅಮೋನಿಯಾ ಬೆರೆತಿರಬೇಕು."

ಅಮೋನಿಯಾ ಎಂದರೆ ಒಡೆಯುವ ಕಷ್ಟವೇ ಇಲ್ಲದ ಸಾರಜನಕ, ಯಾವ ಪಾಚಿಯೂ ತಿನ್ನುತ್ತದೆ. ಅದು ನಿಜವಾದರೆ ನನ್ನ ದೊಡ್ಡ ಅಂಕಿಗಳೆಲ್ಲ ಸುಳ್ಳು. ನಾಲ್ಕು ವರ್ಷದ ಕೆಲಸ ಮಣ್ಣುಪಾಲು.

ಏಕನಾಥ ಸರ್ ಬೆಳಗಾವಿ ಕಡೆಯವರು, ಜಗಳಕ್ಕೆ ಹೋಗುವವರಲ್ಲ. "ರತ್ನಪ್ರಭಾ ಅವರೇ, ಹುಡುಗಿ ಟೈಮ್ ಮುಗೀಲಿಕ್ಕೆ ಬಂತು. ಇಷ್ಟು ಎಳೀಬ್ಯಾಡ್ರಿ" ಎಂದರು.

"ಬೇರೆಯವರ ಹತ್ರ ಯಂತ್ರ ನಡೆಸಿ ಸಹಿ ಹಾಕಿಸ್ಕೊಳ್ಳಿ ಸರ್, ನಾನು ಅಡ್ಡ ಬರಲ್ಲ. ನನ್ನ ಸಹಿ ಬೇಕಾದ್ರೆ ಆ ಬಾಟಲಿ ಸೊನ್ನೆ ತೋರಿಸ್ಬೇಕು."

ಎಂಥ ಹಟಮಾರಿ ಹೆಂಗಸು! ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಭಾನುವಾರ, ಅವರ ಅಮ್ಮನಿಂದ ಹೇಳಿಸೋಣವೆಂದು ಕಿದ್ವಾಯಿ ನಗರಕ್ಕೇ ಹೋದೆ. ಅವತ್ತೇ ಏಕಾದಶಿ. ಎಂಬತ್ತಮೂರರ ಶಾರದಮ್ಮ ಕೂಲರಿನ ಮುಂದೆ ಬರೀ ನೀರು ಕುಡಿದು ಕೂತಿದ್ದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. "ನೀವಾದ್ರೂ ಹೇಳಿ ಅಜ್ಜಿ. ಒಂದು ಬಾಟಲಿಗೋಸ್ಕರ ನನ್ನ ಲೈಫ್ ಹಾಳಾಗ್ತಿದೆ."

ಅಜ್ಜಿ ನನ್ನನ್ನೇ ನೋಡಿದರು. "ಅಲ್ವೇ, ಉಪವಾಸ ಇದ್ದೋಳ ತುಟಿ ಮೇಲೆ ಅನ್ನದ ಅಗುಳು ಕಂಡ್ರೆ ನೀನು ಏನಂತೀಯ? ನನ್ನ ಕಣ್ಣು ಸರಿಯಿಲ್ಲ ಅಂತೀಯಾ?"

ಒಳಗಿಂದ ಆಂಟಿ ಒಗ್ಗರಣೆ ಅವಲಕ್ಕಿ ತಂದು ನನ್ನ ಕೈಗಿಟ್ಟರು. "ತಿನ್ನು. ನಾಳೆ ಮಾನೇಸರ್‌ಗೆ ಹೋಗ್ತಿದ್ದೀನಿ, ಬರ್ತೀಯಾ?"

ಸಿಲಿಂಡರ್ ಕೊಟ್ಟ ವ್ಯಾಪಾರಿಯ ಗೋದಾಮು ದೆಹಲಿಯ ಹೊರಗಿನ ಆ ಊರಿನಲ್ಲಿತ್ತು. ಜೂನ್ ತಿಂಗಳ ಬಿಸಿಲು, ಬಸ್ಸಿನ ಸೀಟು ಕಾದ ಕಾವಲಿ. ಅದೇ ಬ್ಯಾಚಿನ ಇನ್ನೊಂದು ಸಿಲಿಂಡರ್ ಬೇಕು, ಬೇರೆ ತಯಾರಕರದ್ದೂ ಒಂದು ಬೇಕು ಎಂದು ಆಂಟಿ ಕೇಳಿದರು. ವ್ಯಾಪಾರಿ ಸರ್ಟಿಫಿಕೇಟ್ ತೋರಿಸಿ ಸಾಗಹಾಕಲು ನೋಡಿದ. "ಅಚ್ಛಾ ಭಯ್ಯಾ, ಅದನ್ನ ನಾನೂ ಓದಿದ್ದೀನಿ" ಎಂದು ಹಿಂದಿಯಲ್ಲಿ ಹೇಳಿ ಅವರು ಅಲ್ಲಿದ್ದ ಕಬ್ಬಿಣದ ಸ್ಟೂಲಿನ ಮೇಲೆ ಕೂತುಬಿಟ್ಟರು. ಮೂರು ಗಂಟೆ ಕೂತರು. ಅವನಿಗೇ ಸಾಕಾಗಿ ಎರಡನ್ನೂ ಕೊಟ್ಟು ಕಳಿಸಿದ.

ಪರೀಕ್ಷೆ ಸುಲಭದ್ದು. ಶುದ್ಧ ನೀರಿನೊಳಗೆ ಅನಿಲ ಹಾಯಿಸಿ, ಅಮೋನಿಯಾ ಇದ್ದರೆ ನೀಲಿಯಾಗುವ ರಾಸಾಯನಿಕ ಹಾಕಿ ಕಾಯಬೇಕು, ಅಷ್ಟೆ. ಬೇರೆ ತಯಾರಕರ ಅನಿಲ ಹಾಯಿಸಿದ ನೀರು ಹಾಗೇ ಉಳಿಯಿತು. ನಾನು ಹಡಗಿಗೆ ಒಯ್ದಿದ್ದ ಸಿಲಿಂಡರಿನದು ನೀಲಿ. ಮಾನೇಸರಿನಿಂದ ತಂದ ಅದರ ಜೊತೆಯದೂ ನೀಲಿ.

ನಾನು ಅಲ್ಲೇ ಸಿಂಕಿನ ಪಕ್ಕ ನಿಂತು ಅತ್ತೆ. ಗಟ್ಟಿಯಾಗಿ, ನಾಚಿಕೆ ಬಿಟ್ಟು. ಆಂಟಿ ಸಮಾಧಾನ ಹೇಳಲಿಲ್ಲ. ತಮ್ಮ ಕರ್ಚೀಫು ಕೊಟ್ಟರು.

"ಅತ್ತುಬಿಡು. ಆಮೇಲೆ ಅರ್ಜಿ ಬರೆಯೋಣ."

ನಾಲ್ಕು ಅರ್ಜಿ ಬರೆದೆವು. ಎರಡು ನನ್ನ ಅವಧಿ ಹೆಚ್ಚಿಸುವುದಕ್ಕೆ, ಎರಡು ಹಡಗಿನಲ್ಲಿ ಮತ್ತೆ ಜಾಗ ಕೊಡುವುದಕ್ಕೆ. ಏಕನಾಥ ಸರ್ ನೀಲಿ ನೀರು ನೋಡಿ ನಾಲ್ಕಕ್ಕೂ ಸಹಿ ಮಾಡಿದರು. ಅವಧಿ ಎರಡು ವರ್ಷ ಹೆಚ್ಚಿತು, ಆದರೆ ಹಡಗಿನ ಕಚೇರಿಯವರು "ಈ ವರ್ಷ ಜಾಗವಿಲ್ಲ" ಎಂದರು. ಆಂಟಿ ಪ್ರತಿ ಮಂಗಳವಾರ ಅರ್ಧ ದಿನ ರಜೆ ಹಾಕಿ, ಟಿಫಿನ್ ಡಬ್ಬಿ ಸಮೇತ ಆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂರತೊಡಗಿದರು. ಚಳಿ ಬಂತು, ಹೊಗೆಮಂಜಿಗೆ ಕಣ್ಣುರಿ ಬಂತು, ಅವರು ಹೋಗುವುದು ನಿಲ್ಲಲಿಲ್ಲ. ಫೆಬ್ರವರಿಯಲ್ಲಿ ಪತ್ರ ಬಂತು: ಎರಡು ಜಾಗ.

"ಇನ್ನೊಂದು ಯಾರಿಗೆ ಆಂಟಿ?"

"ನನಗೆ. ಈ ಸಲ ಬಾಟಲಿ ನಾನೇ ತುಂಬ್ತೀನಿ."

"ನಿಮಗೆ ಐವತ್ತೇಳು! ಬಿಪಿ ಬೇರೆ!"

"ಮಾತ್ರೆ ತಗೊಂಡು ಬರ್ತೀನಿ. ಅಮ್ಮನ್ನ ಪಕ್ಕದ ಮನೆ ಪೂವಮ್ಮ ನೋಡ್ಕೊಳ್ತಾರೆ. ಚಲೋ, ಡಬ್ಬ ಕಟ್ಟು."

ಈ ಸಲ ಬೇರೆ ತಯಾರಕರ ಸಿಲಿಂಡರ್ ಒಯ್ದೆವು. ಹಡಗು ಕೊಚ್ಚಿ ಬಂದರು ಬಿಟ್ಟ ಮೇಲೆ ನಾಲ್ಕು ದಿನ ಆಂಟಿ ಒಂದೇ ಸಮನೆ ವಾಂತಿ ಮಾಡಿಕೊಂಡರು. ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಬಾಟಲಿಗಳ ಪಟ್ಟಿ. ಮಲಗಿ ಎಂದರೆ "ನಾನು ಮಲಗಿದ್ರೆ ಬಾಟಲಿ ಯಾರು ನೋಡ್ಕೊಳ್ತಾರೆ?" ಎಂದು ಗದರುತ್ತಿದ್ದರು. ಐದನೇ ದಿನ ಗಾಳಿ ನಿಂತಿತು. ನೀರಿನ ಮೇಲೆ ಕಂದು ಹೊಟ್ಟು ಕಣ್ಣು ಹಾಯುವಷ್ಟು ದೂರ ಪಟ್ಟೆ ಪಟ್ಟೆಯಾಗಿ ಹರಡಿತ್ತು. ಆಂಟಿ ಹಡಗಿನ ಅಂಚಿನ ಕಂಬಿ ಹಿಡಿದು ಬಗ್ಗಿದರು.

"ಇವೇನಾ? ಇಷ್ಟು ವರ್ಷ ನಾನು ಡಬ್ಬಿಗೆ ತುಂಬಿದ್ದು ಇವನ್ನೇನಾ?"

"ಹ್ಞೂ ಆಂಟಿ, ಇವೇ."

ಅವರ ಕಣ್ಣು ತುಂಬಿತ್ತು. ಇವರಿಗೆ ಹಿಡಿಶಾಪ ಹಾಕಿದ್ದು ನಾನೇ ತಾನೆ? ಅವರು ಮಾತ್ರ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮೊದಲು ಉಪವಾಸದ ಬಾಟಲಿ ಕೊಡು" ಎಂದು ಕೈ ಚಾಚಿದರು.

ಮತ್ತೆ ಜೂನ್ ತಿಂಗಳಲ್ಲಿ, ದೆಹಲಿಯಲ್ಲಿ, ಯಂತ್ರದ ಮುಂದೆ ಕೂತೆವು. ಮೊದಲು ಹಾಕಿದ್ದು ಉಪವಾಸದ ಬಾಟಲಿಯ ಡಬ್ಬಿಗಳನ್ನೇ. ನಾನು ಪರದೆ ನೋಡಲಾರದೆ ಗೋಡೆ ನೋಡುತ್ತಿದ್ದೆ.

"ಸೊನ್ನೆ" ಎಂದರು ಆಂಟಿ. ಸ್ವಲ್ಪ ಹೊತ್ತಿಗೆ, "ಇದೂ ಸೊನ್ನೆ." ಏಳೂ ಸೊನ್ನೆ.

ಆಮೇಲೆ ಸಮುದ್ರದ ಬಾಟಲಿಗಳು. ಸಂಜೆಯ ಹೊತ್ತಿಗೆ ಲೆಕ್ಕ ಮುಗಿಯಿತು. ನನ್ನ ಹಳೆಯ ಅಂಕಿಯ ಮೂರರಲ್ಲೊಂದು ಪಾಲೂ ಇರಲಿಲ್ಲ.

"ಇಷ್ಟೇನಾ ಆಂಟಿ?" ಎಂದೆ.

"ಇಷ್ಟೇ. ಆದ್ರೆ ಇಷ್ಟನ್ನೂ ಅವೇ ದುಡಿದು ತಿಂದಿವೆ ಕಣೆ, ಯಾರೂ ಬಡಿಸಿದ್ದಲ್ಲ."

ಅವರು ಪೆನ್ನು ತೆಗೆದು ಹಾಳೆಯ ಕೆಳಗೆ ಕನ್ನಡದಲ್ಲಿ ಪೂರ್ತಿ ಹೆಸರು ಬರೆದರು: ಕೆ. ರತ್ನಪ್ರಭಾ. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿದರು. ಅಳುತ್ತಲೇ ನಾನೂ ಅವರ ಹೆಸರಿನ ಪಕ್ಕದಲ್ಲಿ ಸಹಿ ಹಾಕಿದೆ.

"ತಾರೀಖು ಹಾಕಲಿಲ್ವಲ್ಲೇ" ಎಂದರು ಆಂಟಿ.