ಈರಣ್ಣನ ಕೈಮಾತು

ಮೊನ್ನೆ ಹೆಂಡತಿ ಹೊಸ ಸೀರೆಯ ಮಡಿಕೆ ಬಿಚ್ಚಿದಳು. ಗಂಜಿಯ ವಾಸನೆ ಕೋಣೆ ತುಂಬಿತು. ‘ಹೆಂಗೈತ್ರಿ?’ ಅಂತ ಕೇಳಿದರೆ ನಾನು ಬಾಯಿ ತೆರೆಯದೆ ಬೆರಳು ಕೂಡಿಸಿ ಗಾಳಿಯಲ್ಲಿ ಎಳೆದು, ಚೆಂದ ಇದೆ ಅಂತ ತೋರಿಸಿದೆ. ‘ಬಾಯಿಗೇನಾಗೈತಿ ನಿಮಗ?’ ಅಂದಳು. ಏನೂ ಆಗಿಲ್ಲ. ಆ ವಾಸನೆ ಬಂದರೆ ಸಾಕು, ನಾನು ಬನಹಟ್ಟಿಯಲ್ಲಿರುತ್ತೇನೆ. ಕೂತುಕೊಳ್ಳಿ, ಹೇಳುತ್ತೇನೆ.

ಬನಹಟ್ಟಿಯ ಆ ಮಗ್ಗದ ಮನೆಯಲ್ಲಿ ಇರುತ್ತಿದ್ದವರು ನಾಲ್ಕು ಮಂದಿ: ಮಾಲಕ ಬಸಲಿಂಗ ಮಾಮಾ, ಮೂಲೆಯಲ್ಲಿ ಕೂತು ಕಂಡಿಕಿಗೆ ನೂಲು ಸುತ್ತುವ ಕಸ್ತೂರವ್ವ, ಮಗ್ಗ ನಡೆಸುವ ಅವಳ ಮಗ ಈರಣ್ಣ, ಮತ್ತು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಎಲ್ಲರ ಕಾಲಿಗೂ ಅಡ್ಡವಾಗಿ ಕೂತ ನಾನು.

ನಾನು ಜಮಖಂಡಿಯವನು. ಮೊದಲು ಪುಢಾರಿಗಳಿಗೆ ಕತ್ತೆಯ ಕಿವಿ ಹಚ್ಚಿ ವಾರಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದೆ. ‘ನಿಮ್ಮ ಮಗ ಏನ ಮಾಡ್ತಾನ?’ ಅಂತ ಯಾರಾದರೂ ಕೇಳಿದರೆ ನಮ್ಮವ್ವ, ‘ಮಂದಿ ಮಾರಿ ಕೆಡಸ್ತಾನ’ ಅನ್ನುತ್ತಿದ್ದಳು. ಆಮೇಲೆ ಯಾರ ಹಂಗೂ ಬೇಡವೆಂದು ನನ್ನದೇ ಚಿತ್ರಪುಸ್ತಕ ಮಾಡತೊಡಗಿದೆ. ಕಣ್ಣಿಗೆ ಕಂಡದ್ದು, ಮಂದಿ ಹೇಳಿದ್ದು, ಅಷ್ಟೇ; ಕಟ್ಟುಕತೆ ಇಲ್ಲ. ಸಮೀರವಾಡಿಯ ಫ್ಯಾಕ್ಟರಿ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಿದ್ದೆ ಹೋದ ಡ್ರೈವರುಗಳನ್ನು ಬರೆದೆ. ಹಿನ್ನೀರು ಬರುವ ಮೊದಲು ಬೀಳಗಿ ಕಡೆಯ ಹಳ್ಳಿಗಳಲ್ಲಿ ತೊಲೆ, ಬಾಗಿಲು ಬಿಚ್ಚಿ ಹೇರುವವರನ್ನು ಬರೆದೆ. ಅಲ್ಲಿ ಒಬ್ಬ ಮುದುಕಿ, ‘ನನ್ನ ಬರೀಬ್ಯಾಡ, ನನ್ನ ಒಲಿ ಬರಿ’ ಅಂದದ್ದಕ್ಕೆ ಆ ಪುಸ್ತಕದಲ್ಲಿ ಒಂದು ಪುಟದ ತುಂಬ ಒಲೆ ಮಾತ್ರ ಇದೆ. ಝೆರಾಕ್ಸ್ ಹೊಡೆಸಿ, ನಡುವೆ ಪಿನ್ ಹಾಕಿ, ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಇಡುತ್ತಿದ್ದೆ. ಬಸ್ಸು ತಡವಾದ ದಿನ ಒಳ್ಳೆಯ ವ್ಯಾಪಾರ.

ಅದೇ ಹುಮ್ಮಸ್ಸಿನಲ್ಲಿ ಬನಹಟ್ಟಿಗೆ ಹೋದೆ. ಪಾವರ್‌ಲೂಮುಗಳು ಒಟ್ಟಿಗೆ ಖಟಖಟ ಎನ್ನುವಾಗ ನನ್ನ ದನಿ ನನಗೇ ಕೇಳಿಸದು. ಹೊರಗೆ ಚಹಾ ಕುಡಿಯುವಾಗ ಅವರು ಆಡಿದ್ದನ್ನೇ ಮಗ್ಗದ ಮುಂದೆ ಆಡಿದಂತೆ ಬರೆದು, ಬಾಯಿಂದ ಬಾಯಿಗೆ ಮಾತಿನ ಗುಳ್ಳೆ ಊದಿ, ಮರುದಿನ ತೋರಿಸಿದೆ. ಕಸ್ತೂರವ್ವ ಬಿದ್ದು ಬಿದ್ದು ನಕ್ಕಳು. ‘ತಮ್ಮಾ, ಇಲ್ಲಿ ಯಾರ ಬಾಯಿಲೆ ಮಾತಾಡ್ತಾರ? ನಮಗೇನ ಹುಚ್ಚ ಹಿಡದೈತೇನು?’

ಆಮೇಲೆ ನೋಡಿದೆ, ಅಲ್ಲಿ ಮಾತೆಲ್ಲ ಕೈಯಲ್ಲಿ. ಎಳೆ ಹರಿದದ್ದು, ಚಹಾ ಬಂದದ್ದು, ಬಂದ ವ್ಯಾಪಾರಿ ಜಿಪುಣ ಎಂಬುದು, ಎಲ್ಲಕ್ಕೂ ಒಂದೊಂದು ಸನ್ನೆ. ಈ ಮಾತಿಗೆ ಮೂಲಪುರುಷ ಈರಣ್ಣ. ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಿ ಬಾರದು. ಚಿಕ್ಕಂದಿನಲ್ಲಿ ಅವ್ವನೊಡನೆ ಆಡಿದ ಸನ್ನೆಗಳನ್ನೇ ಮಗ್ಗದ ಮನೆ ಕಲಿತಿತ್ತು. ಕರೆಂಟು ಹೋಗಿ ಮಗ್ಗ ನಿಂತರೂ ಬಸಲಿಂಗ ಮಾಮಾ ಒಂದಿಷ್ಟು ಹೊತ್ತು ಕೈಯಲ್ಲೇ ಮಾತಾಡಿ, ಆಮೇಲೆ ತನಗೆ ಬಾಯಿ ಇರುವುದು ನೆನಪಾಗಿ ಕೆಮ್ಮುತ್ತಿದ್ದ.

ನನಗೋ ಕೈ ಬರೆಯಲು ಬಾರದು. ಪುಢಾರಿಗಳ ಕೈಯನ್ನು ಕಿಸೆಯೊಳಗೆ ತುರುಕಿ ಪಾರಾಗುತ್ತಿದ್ದೆ. ಅದು ಯಾರ ಕಿಸೆ ಅಂತ ಓದುಗರೂ ಕೇಳುತ್ತಿರಲಿಲ್ಲ. ಇಲ್ಲಿ ಕಿಸೆಯ ಆಸರೆಯಿಲ್ಲ. ನಾನು ಬರೆದ ಬೆರಳುಗಳನ್ನು ಕಂಡು ಈರಣ್ಣ ನುಗ್ಗೆಕಾಯಿ ಸಿಗಿದು ಚೀಪಿದಂತೆ ಮಾಡಿ ತೋರಿಸಿದ. ಹಟ ಹಿಡಿದು ಅವನ ಕೈ ನೋಡುತ್ತ ಕೂತೆ. ಕೈ ಹೊರಟದ್ದು ಒಂದು ಚೌಕದಲ್ಲಿ, ನಡುದಾರಿಯಲ್ಲಿದ್ದದ್ದು ಇನ್ನೊಂದರಲ್ಲಿ, ಬಂದು ನಿಂತದ್ದು ಮತ್ತೊಂದರಲ್ಲಿ. ಹೀಗೆ ಬಿಡಿಸಿ ಬರೆದಾಗ ಈರಣ್ಣ ಗೋಣು ಹಾಕಿದ. ಯಾವ ಸಂಪಾದಕನೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಆ ಹೊತ್ತಿಗೆ ಸಾವಳಗಿಯ ಶಿವಪ್ಪ ಎಂಬ ರೈತರು ತಮ್ಮ ಮಗಳು ಮಾದೇವಿಗೆ ವರನೆಂದು ಈರಣ್ಣನನ್ನು ನೋಡಲು ಕಸ್ತೂರವ್ವನ ಮನೆಗೆ ಬಂದು ಹೋದರು. ಅವರು ಮಾತಾಡಿದರು, ಈರಣ್ಣ ನಕ್ಕ. ಮತ್ತೆ ಮಾತಾಡಿದರು, ಮತ್ತೆ ನಕ್ಕ. ಏಳುವಾಗ, ‘ಹುಡುಗ ಛಲೋ ಅದಾನ್ರೀ. ಖರೆ, ಮಾತಿಲ್ಲದಾಂವನ ಕೂಡ ನನ್ನ ಮಗಳು ಹೆಂಗ ದಿನಾ ಕಳೀಬೇಕು?’ ಅಂದರಂತೆ. ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಈರಣ್ಣನ ಅಂಗಿಯ ಕಿಸೆಯಲ್ಲಿ ಮಾದೇವಿಯ ಫೋಟೋ ಇತ್ತು. ಮಗ್ಗದ ಎದುರು ನಿಂತಾಗ ಅವನು ಆ ಕಿಸೆಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಕಸ್ತೂರವ್ವ ಒಂದು ದಿನ ನನ್ನ ಮುಂದೆ ಬಂದು ಕೂತಳು. ‘ತಮ್ಮಾ, ನಿನ್ನ ಪುಸ್ತಕದಾಗ ನಮ್ಮ ಈರಣ್ಣನ ಬಾಯಿಂದ ಎರಡ ಮಾತ ಆಡಸು. ಗುಳ್ಳಿ ತಗದಿದ್ದೆಲ್ಲ, ಹಂಗ. ಸಾವಳಗಿಗೆ ಒಯ್ದು ತೋರಸ್ತೀನಿ.’

‘ಅವ್ವಾ, ಅಂವ ಆಡಿಲ್ಲಲ್ಲ?’

‘ನೀ ಪುಢಾರಿಗೋಳಿಗೆ ಕತ್ತಿ ಕಿವಿ ಹಚ್ಚಿದ್ದೆಲ್ಲ, ಅವರಿಗಿದ್ದೂವೇನು?’

ಪೆನ್ಸಿಲಿನಲ್ಲಿ ಗುಳ್ಳೆ ತೆಗೆದೆ. ಒಳಗೆ ಏನು ಬರೆಯುವುದೆಂದು ಯೋಚಿಸುತ್ತಿರುವಾಗ ಈರಣ್ಣ ಬಂದು ಬಗ್ಗಿ ನೋಡಿದ. ರಬ್ಬರ್ ಎತ್ತಿಕೊಂಡು ಗುಳ್ಳೆಯನ್ನು ಅಳಿಸಿದ. ಹಾಳೆಯಲ್ಲಿದ್ದ ತನ್ನ ಕೈಗಳ ಮೇಲೆ ಬೆರಳಿಟ್ಟು ತೋರಿಸಿ, ಅವ್ವನ ಕಡೆ ನೋಡದೆ ಮಗ್ಗಕ್ಕೆ ಹೋದ. ಕಸ್ತೂರವ್ವ ಹಾಳೆಯ ಮೇಲಿನ ರಬ್ಬರಿನ ಪುಡಿ ಒರೆಸಿದಳು. ‘ಹಂಗಾರ ಹಂಗ ಒಯ್ಯೂಣು. ನೀನೂ ಬಾ’ ಅಂದಳು.

ಪುಸ್ತಕ ಸಿದ್ಧವಾದ ಮೇಲೆ ಇಬ್ಬರೂ ಹೊರಟೆವು. ಸಾವಳಗಿ ಬಸ್ಸಿನಲ್ಲಿ ಪುಟ ತಿರುವುತ್ತಿದ್ದ ಕಸ್ತೂರವ್ವ, ‘ಅಯ್ಯ ಶಿವನ! ಈ ಹಾಳಿ ಯಾಕ ಹಾಕೀಯೋ?’ ಅಂತ ಚೀರಿದಳು. ಶಿವಪ್ಪ ಬಂದುಹೋದ ಮರುದಿನ ಅವರು ಚಹಾ ಕುಡಿದ ಬಗೆಯನ್ನು ಈರಣ್ಣ ಮಗ್ಗದ ಮನೆಗೆಲ್ಲ ಆಡಿ ತೋರಿಸಿದ್ದ. ಕಪ್ಪಿನಿಂದ ಬಸಿಗೆ ಸುರುವುವುದು, ಮೀಸೆ ಮೇಲೆತ್ತುವುದು, ಊದುವುದು, ಕಣ್ಣು ಮುಚ್ಚಿ ಎಳೆಯುವುದು, ಕೊನೆಗೆ ಏನೋ ಕಳೆದಂತೆ ಬಸಿಯ ತಳ ನೋಡುವುದು. ಅವನ ಕತೆಗಳಲ್ಲೇ ಅದು ಚೆಂದದ ಕತೆ. ಬಿಡಲು ಮನಸ್ಸಾಗದೆ ಬರೆದಿದ್ದೆ. ‘ಹರದ ಒಗಿ’ ಅಂದಳು. ಹರಿಯುವುದು ಹೇಗೆ? ನಡುವೆ ಪಿನ್ ಹಾಕಿದ ಪುಸ್ತಕ. ಈ ಪುಟ ಕಿತ್ತರೆ ಇದರ ಜೋಡಿ ಪುಟವೂ ಕಿತ್ತು ಬರುತ್ತದೆ. ಅದರಲ್ಲೇ ಈರಣ್ಣ ಠೀವಿಯಿಂದ ಮಗ್ಗ ನಡೆಸುವ ಚಿತ್ರವಿತ್ತು. ಹಾಗೇ ಇಳಿದೆವು.

ಶಿವಪ್ಪ ಪುಸ್ತಕವನ್ನು ಮುಂದಿನಿಂದ ನಾಲ್ಕು ಪುಟ ತಿರುವಿ, ‘ಇದರಾಗ ಓದಾಕ ಏನೂ ಇಲ್ಲಲ್ರೀ’ ಅಂತ ಕಟ್ಟೆಯ ಮೇಲೆ ಇಟ್ಟರು. ಚಹಾ ತಂದ ಮಾದೇವಿ ಅದನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತು ನೋಡತೊಡಗಿದಳು. ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕಳು.

‘ಏನಾತಬೇ?’ ಅಂದರು ಶಿವಪ್ಪ.

‘ಅಪ್ಪಾ, ಇವರು ನಿಮ್ಮ ಸುದ್ದಿನ ಹೇಳಾಕತ್ತಾರ!’

ಶಿವಪ್ಪ ಪುಸ್ತಕ ಇಸಿದುಕೊಂಡರು. ಇನ್ನೊಂದು ಕೈಯಲ್ಲಿ ಬಸಿ ಇತ್ತು, ಊದಲು ತುಟಿ ಆಗಲೇ ಮುಂದಾಗಿತ್ತು. ಪುಟವನ್ನು ನೋಡಿದರು, ಬಸಿಯನ್ನು ನೋಡಿದರು. ಕಸ್ತೂರವ್ವ ಸೆರಗಿನ ತುದಿ ಕಚ್ಚಿಕೊಂಡಳು. ನಾನು ನನ್ನ ಚಪ್ಪಲಿ ಎಲ್ಲಿವೆಯೆಂದು ಹುಡುಕಿಕೊಂಡೆ.

‘ನಾ ಹಿಂಗ ಕುಡೀತೀನೇನು?’

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. ‘ಮದಿವ್ಯಾದಾಗಿಂದ ಹಂಗ ಕುಡ್ಯಾಕತ್ತೀರಿ.’

ಶಿವಪ್ಪನವರ ಮೀಸೆ ಅಲುಗಿತು. ‘ನನ್ನ ಮುಂದ ಸುಮ್ಮ ಕುಂತಿದ್ದ ಹುಡುಗ ಹಿಂದಿಂದ ಇಷ್ಟೆಲ್ಲ ಮಾತಾಡ್ಯಾನ?’ ಅಂದರು. ನಕ್ಕರು, ಚಹಾ ಚೆಲ್ಲುವಷ್ಟು. ಆಮೇಲೆ ಮಗಳ ಕಡೆ ತಿರುಗಿದರು. ‘ಅಂವ ಅಂದದ್ದು ನಿನಗ ತಿಳೀತೇನವಾ?’

‘ತಿಳೀದನ ನಕ್ಕೆನೇನು? ಖರೆ, ಬರೇ ಚಿತ್ರ ನೋಡಿ ನಾ ಹೂಂ ಅನ್ನಾಂಗಿಲ್ಲ. ಆ ಮಗ್ಗದ ಮನಿಗೆ ಕರಕೊಂಡ ಹೋಗ್ರಿ.’

ಕರೆದುಕೊಂಡು ಬಂದರು. ನೋಡಿದಳು. ಹೂಂ ಅಂದಳು.

ಈಗಲೂ ನಾನು ಮನುಷ್ಯರನ್ನು ಬರೆಯುವಾಗ ಕೈಯಿಂದ ಶುರುಮಾಡುತ್ತೇನೆ. ಬಾಯಿ ಕೊನೆಗೆ, ಎಷ್ಟೋ ಸಲ ಅದು ಬೇಕಾಗುವುದೇ ಇಲ್ಲ.

ಮದುವೆಯಾದ ಸಂಜೆಯದನ್ನೂ ಹೇಳಿಬಿಡುತ್ತೇನೆ. ಹೊಸ ಜೋಡಿ ಮನೆ ಹೊಗುವಾಗ ನಮ್ಮ ಕಡೆ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಅವತ್ತು ಅಡ್ಡ ನಿಂತವರು ಮುಧೋಳದಿಂದ ಬಂದ ನೆಂಟರು. ಈರಣ್ಣನ ಮುಖ ನೋಡಿ, ಪಾಪ, ಮುಜುಗರಪಟ್ಟು ಹಿಂದೆ ಸರಿಯಹೋದರು. ಈರಣ್ಣ ಕೈ ಎತ್ತಿ ಅವರನ್ನು ನಿಲ್ಲಿಸಿದ. ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು ಕಣ್ಣು ಅಗಲಿಸಿದ. ಮಗ್ಗದ ಮನೆಯ ನಾವೆಲ್ಲ ಹೋ ಎಂದು ನಕ್ಕೆವು. ಮೊದಲ ದಿನ ಮಗ್ಗ ನೋಡಲು ಬಂದ ಮಾದೇವಿ ಆ ಖಟಖಟಕ್ಕೆ ಹಾಗೇ ನಿಂತಿದ್ದಳು.

‘ಏನಂದಾ? ಏನಂದಾ?’ ಅಂದರು ಮುಧೋಳದವರು.

‘ನನ್ನ ಹೆಸರ ಹೇಳ್ಯಾರ್ರೀ, ಹಾದಿ ಬಿಡ್ರಿ’ ಅಂದಳು ಮಾದೇವಿ.